ತಲಕಾಡಿನ ಮರಳು, ಮಾಲಂಗಿಯ ಮಡು ಮತ್ತು ಒಂದು ಮೂಗಿನ ಕತೆ

ನಂಜನಗೂಡಿನ ದೇವರ ಕತೆಯೇ ಗಂಟಲಿನ ಕತೆ. ಸಮುದ್ರ ಕಡೆದಾಗ ಬಂದ ನಂಜನ್ನು ಶಿವ ಕುಡಿದ, ಅದು ಗಂಟಲಲ್ಲೇ ನಿಂತಿತು, ಲೋಕ ಉಳೀತು, ಶಿವ ನಂಜುಂಡನಾದ. ವೈದ್ಯರ ಚರಿತ್ರೆಯಲ್ಲೂ ಗಂಟಲ ಹತ್ತಿರ ಪ್ರಾಣ ನಿಲ್ಲಿಸಿದ ಇಂಥದೊಂದು ಕತೆ ಇದೆ. ಅದರ ಹೆಸರು ಟ್ರೇಕಿಯಾಸ್ಟಮಿ. ಧ್ವನಿಪೆಟ್ಟಿಗೆಯ ಕೆಳಗೆ, ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಮಾಡಿ ಒಂದು ಟ್ಯೂಬ್ ಇಡೋದು. ಗಾಳಿ ಮೂಗಿಗೆ ಹೋಗದೆ ಸೀದಾ ಒಳಗೆ ಹೋಗುತ್ತೆ.

ಈ ಚರಿತ್ರೆ ಓದ್ತಾ ಹೋದ ಹಾಗೆ ನನಗೆ ಒಂದು ವಿಷಯ ವಿಚಿತ್ರ ಅನ್ನಿಸ್ತು. ಎಲ್ಲರೂ ಪ್ರಾಣದ ಲೆಕ್ಕ ಇಟ್ಟಿದ್ದಾರೆ. ಆಮೇಲೆ ಮಾತಿನ ಲೆಕ್ಕ ಬಂತು. ಮೂಗಿನ ಲೆಕ್ಕ ಮಾತ್ರ ತೀರಾ ಕೊನೆಗೆ ಬಂತು!

ಮೊದಲು ಪ್ರಾಣದ ಲೆಕ್ಕ ನೋಡೋಣ.

ದಾಖಲೆ ಸಮೇತ ಸಿಗೋ ಮೊದಲ ಯಶಸ್ವಿ ಆಪರೇಷನ್ ಇಟಲಿಯದು. 1546ರಲ್ಲಿ ಬ್ರಸವೋಲ ಅನ್ನೋ ವೈದ್ಯ, ಗಂಟಲಲ್ಲಿ ಕೀವು ತುಂಬಿ ಉಸಿರು ಕಟ್ಟಿದ್ದ ರೋಗಿಯನ್ನು ಹೀಗೆ ಉಳಿಸಿದ. ಆದರೂ ಮುಂದಿನ ಮುನ್ನೂರು ವರ್ಷ ವೈದ್ಯರಿಗೆ ಇದಕ್ಕೆ ಕೈ ಹಾಕೋಕೆ ಭಯ. ನಮ್ಮ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತಿದ್ದು 1799ರ ಮೇ ತಿಂಗಳಲ್ಲಿ ಅಲ್ವಾ? ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಗಂಟಲು ಬಾತು ಉಸಿರು ಕಟ್ಟಿ ಸತ್ತ. ಪಕ್ಕದಲ್ಲಿ ಮೂವರು ವೈದ್ಯರಿದ್ದರು. ಅವರಲ್ಲಿ ಕಿರಿಯವನಾದ ಎಲಿಶಾ ಡಿಕ್, ಕತ್ತಿಗೆ ತೂತು ಮಾಡೋಣ ಅಂದ. ಹಿರಿಯರು ಒಪ್ಪಲಿಲ್ಲ.

1825ರಲ್ಲಿ ಫ್ರಾನ್ಸಿನ ಬ್ರೆಟೊನೊ, ಗಂಟಲಮಾರಿ (ಈಗ ಡಿಫ್ತೀರಿಯಾ ಅಂತೀವಲ್ಲ) ಬಂದಿದ್ದ ಒಂದು ಪುಟ್ಟ ಹುಡುಗಿಯನ್ನು ಉಳಿಸಿದ. ಅವನ ಶಿಷ್ಯ ಟ್ರೂಸೊ 1833ರ ಹೊತ್ತಿಗೆ ಸುಮಾರು 200 ಮಕ್ಕಳಿಗೆ ಈ ಆಪರೇಷನ್ ಮಾಡಿ, ನಾಲ್ಕರಲ್ಲಿ ಒಂದು ಮಗು ಉಳೀತು ಅಂತ ಬರೆದ. ನಾಲ್ಕರಲ್ಲಿ ಒಂದು ಅಂದರೆ ಆವತ್ತಿಗೆ ದೊಡ್ಡ ಗೆಲುವು. ಅಂಥ ಕಾಲದಲ್ಲಿ ಮೂಗಿನ ಗತಿ ಏನು ಅಂತ ಯಾರು ಕೇಳ್ತಾರೆ ಹೇಳಿ?

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಮಾರಿ ಬಂತು. ಉಸಿರಾಟದ ಸ್ನಾಯುಗಳು ಬಿದ್ದುಹೋದ ಮೊದಲ 31 ಜನರಲ್ಲಿ 27 ಜನ ಸತ್ತಿದ್ದರು. ಆಗ ಬ್ಯೋರ್ನ್ ಇಬ್ಸನ್ ಅನ್ನೋ ಅರಿವಳಿಕೆ ವೈದ್ಯ ಒಂದು ದಾರಿ ತೋರಿಸಿದ. ಕತ್ತಿಗೆ ಟ್ಯೂಬ್ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ಕೊಡೋದು. ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಮೇಲೆ ಕೂತು, ಹಗಲು ರಾತ್ರಿ ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳೀತು. ಇವತ್ತಿನ ಐಸಿಯು ಹುಟ್ಟಿದ್ದೇ ಅಲ್ಲಿ. ಟ್ಯೂಬ್ ಇಟ್ಟುಕೊಂಡೇ ತಿಂಗಳು, ವರ್ಷಗಟ್ಟಲೆ ಬದುಕೋರ ಸಂಖ್ಯೆ ಹೆಚ್ಚಿದ್ದೂ ಅಲ್ಲಿಂದಲೇ.

ಸರಿ, ಮೂಗಿಗೆ ಏನಾಗುತ್ತೆ? ಇದು ಅರ್ಥ ಆಗೋಕೆ ಟಿ. ನರಸೀಪುರ ತಾಲ್ಲೂಕಿನ ತಲಕಾಡಿಗೆ ಒಮ್ಮೆ ಹೋಗಿಬರಬೇಕು.

ಅಲಮೇಲಮ್ಮನ ಶಾಪ ನಿಮಗೆಲ್ಲ ಗೊತ್ತೇ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ ಮೇಲೆ ಆಕೆ ಕಾವೇರಿಗೆ ಹಾರುವಾಗ ಕೊಟ್ಟ ಶಾಪದಲ್ಲಿ ತಲಕಾಡು ಮರಳಾಗಬೇಕಿತ್ತು, ಮಾಲಂಗಿ ಮಡುವಾಗಬೇಕಿತ್ತು. ಕೃಷಿವಿಜ್ಞಾನಿಯೂ ನಮ್ಮ ಕನ್ನಡದ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು 2007ರಲ್ಲಿ ಬೇರೆ ವಿವರಣೆ ಮುಂದಿಟ್ಟರು. ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ, ಮಾಧವ ಮಂತ್ರಿ ಮೇಲ್ಗಡೆ ಅಣೆಕಟ್ಟೆ ಕಟ್ಟಿಸಿದ. ನೀರು ನಾಲೆಗೆ ತಿರುಗಿತು. ಹೊಳೆಯ ಪಾತ್ರ ಒಣಗಿ ಮರಳು ಮೇಲೆ ಬಂತು, ಬೇಸಿಗೆ ಗಾಳಿ ಅದನ್ನ ಊರಿನ ಮೇಲೆ ಹೊತ್ತು ಹಾಕಿತು ಅನ್ನೋದು ಅವರ ವಾದ. ಗಮನಿಸಿ, ಕಟ್ಟೆ ಕಟ್ಟಿದ್ದು ತಪ್ಪು ಅಂತ ಅಲ್ಲ. ಅದರಿಂದ ಗದ್ದೆಗಳು ಹಸಿರಾದವು. ಆದರೆ ಹರಿಯೋದನ್ನ ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಏನೋ ಆಗುತ್ತೆ.

ಕತ್ತಿನಲ್ಲೂ ಇದೇ ಕತೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೀತಾನೆ. ಆ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಸೋಸಿ ಒಳಗೆ ಕಳಿಸೋ ಮುಖ್ಯ ಕೆಲಸ ಮೂಗಿನದು. ಟ್ಯೂಬ್ ಬಂದ ಮೇಲೆ ಹಸಿ ಗಾಳಿ, ಅಂದರೆ ಸೋಸದ, ತೇವ ಇಲ್ಲದ ಗಾಳಿ, ಸೀದಾ ಶ್ವಾಸನಾಳಕ್ಕೆ ಬಡಿಯುತ್ತೆ. ಅಲ್ಲಿಯ ಕಫ ಒಣಗಿ ಗಟ್ಟಿಯಾಗುತ್ತೆ, ಕೆಲವೊಮ್ಮೆ ಟ್ಯೂಬನ್ನೇ ಮುಚ್ಚುತ್ತೆ. ಇದು ತಲಕಾಡಿನ ಮರಳು.

ಮೂಗು ಮಾತ್ರ ಒಣಗೋಲ್ಲ. ಅದು ಮಾಲಂಗಿಯ ಮಡು. ಗಾಳಿ ಓಡಾಡದೆ ಸಿಂಬಳ ನಿಂತಲ್ಲೇ ನಿಲ್ಲುತ್ತೆ, ಕೆಲವರಿಗೆ ಸೋರುತ್ತಲೇ ಇರುತ್ತೆ. ಸೀನಿ ಹಾಕೋಣ ಅಂದರೆ ಶ್ವಾಸಕೋಶದ ಗಾಳಿ ಮೂಗಿಗೆ ಬರೋದೇ ಕಷ್ಟ. ಇನ್ನು ವಾಸನೆ... ವಾಸನೆಯ ನರಗಳಿರೋದು ಮೂಗಿನ ಮೇಲ್ಛಾವಣಿಯಲ್ಲಿ. ಗಾಳಿ ಅಲ್ಲಿಗೆ ಹೋದರೆ ತಾನೇ ವಾಸನೆ? ನಮ್ಮ ಭಾಷೆಯಲ್ಲಿ ಹೇಳೋದಾದರೆ ಸರ್ವರ್ ಡೌನ್ ಆಗಿಲ್ಲ, ರಿಕ್ವೆಸ್ಟ್ ಬರ್ತಾ ಇಲ್ಲ ಅಷ್ಟೆ :)

ನಂಜನಗೂಡು ಕಡೆಯ ನಮ್ಮ ದೊಡ್ಡಪ್ಪನಿಗೆ ಕೆಲವು ವರ್ಷಗಳಿಂದ ಟ್ಯೂಬ್ ಇದೆ. ಅಪರೂಪಕ್ಕೆ ನಿಜವಾದ ರಸಬಾಳೆ ಸಿಕ್ಕಿತು ಅಂತ ತಗೊಂಡು ಹೋಗಿದ್ದೆ. ಸೊರಗು ರೋಗ ಬಂದ ಮೇಲೆ ಆ ಹಣ್ಣು ಸಿಗೋದೇ ಕಷ್ಟ ಆಗಿದೆಯಲ್ಲ. ತಿಂದು, ಬೆರಳಲ್ಲಿ ಟ್ಯೂಬ್ ಮುಚ್ಚಿಕೊಂಡು ಹೇಳಿದರು: "ಸಿಹಿ ಗೊತ್ತಾಯ್ತದೆ ಕಣಪ್ಪ, ರಸಬಾಳೆ ಅಂತ ಗೊತ್ತಾಗಲ್ಲ." ನಾಲಿಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿ ಇಂಥ ನಾಲ್ಕಾರು ರುಚಿ ಮಾತ್ರ. ರಸಬಾಳೆಯನ್ನು ರಸಬಾಳೆ ಅಂತ ಗುರುತಿಸೋದು ಮೂಗು. ಹಣ್ಣಿನ ಮಾತು ಬಿಡಿ, ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ? ಹಾಲು ಹಳಸಿದ್ದರೆ? ಏನೋ ಸುಟ್ಟ ವಾಸನೆ ಬಂದರೆ? ಇವು ಸಣ್ಣ ಮಾತಲ್ಲ. ಇನ್ನೊಂದು ಅಪಾಯ ನಮ್ಮ ಹೊಳೆಗಳದ್ದು. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೀತಾ ಬಂದಿದೆ. ಕತ್ತಲ್ಲಿ ತೂತು ಇರೋರು ಅಲ್ಲಿ ಮುಳುಗು ಹಾಕೋ ಹಾಗಿಲ್ಲ, ನೀರು ಸೀದಾ ಶ್ವಾಸಕೋಶಕ್ಕೇ.

ಮಾತಿನ ಲೆಕ್ಕದಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆಯನ್ನೇ ಕಳಕೊಂಡು ಶಾಶ್ವತವಾಗಿ ಕತ್ತಿನಿಂದ ಉಸಿರಾಡೋರಿಗಾಗಿ ಬೆಂಗಳೂರಿನ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ ಧ್ವನಿಸಾಧನ ಮಾಡಿದ್ದು 2010ರ ದಶಕದ ದೊಡ್ಡ ಸುದ್ದಿ.

ಮೂಗಿನ ಲೆಕ್ಕಕ್ಕೂ ಕೆಲವರು ಕೈ ಹಾಕಿದ್ದಾರೆ. 1980ರ ದಶಕದಲ್ಲಿ ಡೇವಿಡ್ ಮ್ಯೂರ್ ಅನ್ನೋ ಅಮೆರಿಕದ ಯುವಕ, ತಾನೇ ಟ್ಯೂಬ್ ಮೇಲೆ ಬದುಕ್ತಿದ್ದವನು, ಮಾತಿಗಾಗಿ ಒಂದು ಪುಟ್ಟ ಒಮ್ಮುಖ ಕವಾಟ ಕಂಡುಹಿಡಿದ. ಗಾಳಿ ಟ್ಯೂಬಿನಿಂದ ಒಳಗೆ, ಬಾಯಿ ಮೂಗಿನಿಂದ ಹೊರಗೆ. ಮಾತಿನ ಜೊತೆ ಎಷ್ಟೋ ಜನಕ್ಕೆ ವಾಸನೆಯೂ ವಾಪಸ್ ಬಂತು! ಧ್ವನಿಪೆಟ್ಟಿಗೆ ಇಲ್ಲದವರಿಗೆ ನೆದರ್‌ಲೆಂಡ್ಸ್‌ನ ಹಿಲ್ಗರ್ಸ್ ತಂಡ 2000ರಲ್ಲಿ ಇನ್ನೂ ಸುಲಭದ ಉಪಾಯ ಪ್ರಕಟಿಸಿತು. ತುಟಿ ಮುಚ್ಚಿಕೊಂಡು, ಆಕಳಿಕೆ ಅಡಗಿಸೋ ಹಾಗೆ ದವಡೆ ಕೆಳಗೆ ಇಳಿಸೋದು. ಬಾಯೊಳಗೆ ಜಾಗ ಹಿಗ್ಗಿ ಮೂಗಿನಿಂದ ಗಾಳಿ ಒಳಗೆ ಎಳೆಯುತ್ತೆ. ಅವರು ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ವಾಸನೆ ಮರಳಿತು. ಖರ್ಚು ಸೊನ್ನೆ. ಶ್ವಾಸನಾಳ ಒಣಗದ ಹಾಗೆ ಕತ್ತಿನ ತೂತಿಗೆ ಹಾಕೋ ಪುಟ್ಟ ಫಿಲ್ಟರೂ ಇದೆ, ಅದಕ್ಕೆ "ಕೃತಕ ಮೂಗು" ಅಂತಲೇ ಹೆಸರು.

ಒಂದು ಎಚ್ಚರಿಕೆ. ಕವಾಟವನ್ನು ನಿಮ್ಮಷ್ಟಕ್ಕೆ ನೀವೇ ತಂದು ಹಾಕಬೇಡಿ. ಟ್ಯೂಬಿನ ಸುತ್ತ ಗಾಳಿ ತುಂಬಿದ ಬಲೂನು ಇದ್ದಾಗ ಅದನ್ನ ಹಾಕಿದರೆ ಉಸಿರು ಹೊರಗೆ ಬರೋಕೆ ದಾರಿಯೇ ಇರಲ್ಲ, ಪ್ರಾಣಕ್ಕೇ ಅಪಾಯ. ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಅಂತ ಡಾಕ್ಟರೇ ಹೇಳಬೇಕು.

ಆದರೆ ಕೇಳೋದಕ್ಕೆ ಏನಡ್ಡಿ? ಪ್ರಾಣ ಉಳೀತಲ್ಲ, ವಾಸನೆ ಯಾಕೆ ಬೇಕು ಅಂತ ಮನೆಯವರೂ ಅಂತಾರೆ, ರೋಗಿಯೂ ಸುಮ್ಮನಾಗ್ತಾರೆ. ಟ್ರೂಸೊ ಕಾಲಕ್ಕೆ ಆ ಮಾತು ಸರಿ. ಈಗ ಜನ ಟ್ಯೂಬ್ ಜೊತೆ ಹತ್ತಾರು ವರ್ಷ ಬದುಕ್ತಾರೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ಸಾರ್, ಮೂಗಿಗೆ ಏನಾದರೂ ಮಾಡಬಹುದಾ?" ಅಂತ ಒಂದು ಮಾತು ಕೇಳೋಕೆ ಹೇಳಿ.