ಕೂಪಿನ ದಾರಿ ಮತ್ತು ಗುಡ್ಡದ ಸೈಕಲ್ಲು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯಲ್ಲಿ, ಅಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ, ಗುಡ್ಡದ ಸೈಕಲ್ಲು ಇಂದು ಓಡಾಡುವ ಮಣ್ಣುದಾರಿಗಳ ಬಹುಪಾಲು ಸೈಕಲ್ಲಿಗಾಗಿ ಹುಟ್ಟಿದವಲ್ಲ. ಹತ್ತಿಯ ಅಂಡಿಗೆ, ಸಾಗವಾನಿಯ ದಿಮ್ಮಿ, ಮ್ಯಾಂಗನೀಸ್ ಅದಿರು, ಬಿದಿರಿನ ಲಾರಿ, ಕೊನೆಗೆ ಅಣೆಕಟ್ಟಿನ ಸಾಮಗ್ರಿ, ಇವುಗಳ ಸಾಗಾಣಿಕೆಗೆಂದು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಕಡಿಸಿದ ದಾರಿಗಳು ಅವು. ಮುಂದಿನ ಚಕ್ರಕ್ಕೆ ಮಾತ್ರ ಕುಲುಕಾಟ ನುಂಗುವ ಫೋರ್ಕ್ ಇದ್ದು, ಹಿಂಬದಿಯ ಚೌಕಟ್ಟು ಎಲ್ಲಿಯೂ ಮಡಚದೆ ಗಟ್ಟಿಯಾಗಿ ಉಳಿಯುವ ಸೈಕಲ್ಲಿಗೆ ಹಾರ್ಡ್‌ಟೇಲ್ ಎಂದು ಹೆಸರು. ಅಂಥ ಸೈಕಲ್ಲನ್ನು ಈ ಸೀಮೆಗೆ ಹೊಂದಿಸಿಕೊಳ್ಳುವವರು ಗಾಳಿಯ ಒತ್ತಡದಿಂದ ಗೇರಿನ ಹಲ್ಲಿನವರೆಗೆ ಮಾಡುವ ಪ್ರತಿಯೊಂದು ತೀರ್ಮಾನವೂ ಈ ದಾರಿಗಳನ್ನು ಯಾರು, ಯಾವ ಹೊರೆಗಾಗಿ, ಎಷ್ಟು ಏರಿನಲ್ಲಿ ಕಡಿದರು ಎಂಬ ಹಳೆಯ ಲೆಕ್ಕಕ್ಕೆ ಹೋಗಿ ಮುಟ್ಟುತ್ತದೆ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಧಾರವಾಡ ಸೀಮೆಯ ಹತ್ತಿ ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿಯೆಂಬ ಹೆಸರೇ ನಿಂತಿತು. ಹೇರೆತ್ತಿನ ದಾರಿಗೆ ಅಗಲ ಬೇಕಿಲ್ಲ, ಸುತ್ತೂ ಬೇಕಿಲ್ಲ, ಅದು ಗುಡ್ಡದ ಏಣನ್ನು ಹಿಡಿದು ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡು ಲ್ಯಾಂಕಾಶೈರಿನ ಗಿರಣಿಗಳು ಭಾರತದ ಹತ್ತಿಗೆ ಬಾಯ್ತೆರೆದಾಗ ಇಷ್ಟು ಸಾಲದಾಯಿತು. ಕಾರವಾರದ ಬಂದರನ್ನು ಬೆಳೆಸುವ ಆಸೆಯಿಂದ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು, ಮತ್ತು ಕೈಗಾ, ಅರಬೈಲ್ ಮೊದಲಾದ ಘಟ್ಟಗಳಲ್ಲಿ ಗಾಡಿ ಹೋಗುವಂಥ ರಸ್ತೆಗಳು ರೂಪುಗೊಂಡವು. ಗಾಡಿದಾರಿಯ ಸ್ವಭಾವವೇ ಬೇರೆ: ತುಂಬಿದ ಗಾಡಿಯನ್ನು ಎತ್ತಿನ ಜೋಡಿ ನಿಲ್ಲದೆ ಎಳೆಯಬೇಕಾದ್ದರಿಂದ ಅದು ಗುಡ್ಡದ ಮೈಯನ್ನು ಬಳಸಿ ಬಳಸಿ ಮಂದವಾಗಿ ಏರುತ್ತದೆ, ತಿರುವಿನಲ್ಲಿ ಅಗಲವಾಗುತ್ತದೆ, ನೀರು ಹರಿದುಹೋಗಲು ಒಳಬದಿಗೆ ಗಟಾರ ಇಟ್ಟುಕೊಳ್ಳುತ್ತದೆ. ಕಾರವಾರದ ಕನಸು ಬಹುಕಾಲ ಬಾಳಲಿಲ್ಲ. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರಗಾಂವ್ ಬಂದರಿಗೆ ರೈಲು ಇಳಿದ ಮೇಲೆ ಹತ್ತಿ ಗಾಡಿಯನ್ನು ಬಿಟ್ಟು ರೈಲು ಹತ್ತಿತು. ಹೀಗೆ ಈ ಸೀಮೆಗೆ ಎರಡು ಜಾತಿಯ ಏರುಗಳು ಉಳಿದುಕೊಂಡವು, ಮತ್ತು ಸೈಕಲ್ಲಿಗೆ ಇವೆರಡೂ ಒಂದೇ ಅಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಹತ್ತಿ ಹೋದರೂ ದಾರಿ ಕಡಿಯುವ ಕೆಲಸ ನಿಲ್ಲಲಿಲ್ಲ, ಏಕೆಂದರೆ ಕಾಳಿ ನದಿಯ ಎರಡೂ ದಂಡೆಗಳಲ್ಲಿ ಸಾಗವಾನಿ ಇತ್ತು. ಅರಣ್ಯ ಇಲಾಖೆ ಒಂದು ವರ್ಷದಲ್ಲಿ ಕಡಿಯಲೆಂದು ಗುರುತು ಹಾಕಿ ಬಿಡುವ ಕಾಡಿನ ತುಂಡಿಗೆ ಕೂಪು ಎನ್ನುತ್ತಾರೆ. ಪ್ರತಿ ಕೂಪಿಗೂ ಒಂದು ದಾರಿ ಬೇಕು, ಆ ದಾರಿಗೆ ದಿಮ್ಮಿ ಎಳೆಯುವ ಎತ್ತು ಅಥವಾ ಆನೆ ಬೇಕು, ದಾರಿಯ ತುದಿಯಲ್ಲಿ ಮರ ಪೇರಿಸುವ ಡಿಪೋ ಬೇಕು. ಕೂಪು ಮುಗಿದ ಮೇಲೆ ಆ ದಾರಿ ಮತ್ತೊಂದು ಸರದಿ ಬರುವವರೆಗೆ ಮಲಗುತ್ತದೆ. ಇದಕ್ಕೆ ಅಡ್ಡಲಾಗಿ ಬೆಂಕಿ ಹರಡದಂತೆ ಗಿಡಗಂಟಿ ಸವರಿ ತೆರವಿಟ್ಟ ಪಟ್ಟಿಗಳು, ಅಂದರೆ ಇಲಾಖೆಯವರ ಮಾತಿನ ಫೈರ್‌ಲೈನುಗಳು, ಸಾಗುತ್ತವೆ. ಅಳ್ನಾವರದಿಂದ ದಾಂಡೇಲಿಗೆ ಬಂದ ರೈಲಿನ ಕವಲು ಕೂಡ ಮುಖ್ಯವಾಗಿ ಮರ ಹೊರುವ ಕವಲಾಗಿತ್ತು. ಸೂಪಾ ಸೀಮೆಯ, ಅಂದರೆ ಇಂದಿನ ಜೋಯಿಡಾ ತಾಲ್ಲೂಕಿನ, ಮ್ಯಾಂಗನೀಸ್ ಗಣಿಗಳು ತಮ್ಮದೇ ದಾರಿಗಳನ್ನು ಸೇರಿಸಿದವು. ಕುಣಬಿಗಳ ಗದ್ದೆಗೂ ಗೌಳಿಗಳ ದನಗರ್ ದೊಡ್ಡಿಗೂ ಹೋಗುವ ಕಾಲುದಾರಿಗಳು ಇವೆಲ್ಲಕ್ಕಿಂತ ಹಳೆಯವು, ಆದರೆ ನಕಾಶೆಯಲ್ಲಿ ಅವಕ್ಕೆ ಜಾಗ ಸಿಕ್ಕಿದ್ದು ಕಡಿಮೆ.

ದಾಂಡೇಲಿಯ ಚಹರೆಯನ್ನು ಬದಲಿಸಿದ್ದು ಬಿದಿರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಉತ್ಪಾದನೆ ಆರಂಭಿಸಿತು. ಅದು ಇಲ್ಲಿ ನೆಲೆಯಾದದ್ದು ಕಾಳಿಯ ನೀರು ಮತ್ತು ಸುತ್ತಲಿನ ಬಿದಿರು ಮೆಳೆಗಳ ಸಲುವಾಗಿಯೇ. ಬಿದಿರು ಎತ್ತಿನ ಗಾಡಿಯ ಕೈಮೀರಿದ ಹೊರೆಯಾದ್ದರಿಂದ ಲಾರಿದಾರಿಗಳು ಕಾಡಿನ ಒಳಗೊಳಗೆ ಹೋದವು, ಮತ್ತು ಲಾರಿ ಎತ್ತಿಗಿಂತ ಬಲವುಳ್ಳದ್ದಾದ್ದರಿಂದ ಈ ದಾರಿಗಳನ್ನು ಕಡಿದವರು ಏರಿನ ವಿಷಯದಲ್ಲಿ ಅಷ್ಟು ನಾಜೂಕು ಮಾಡಲಿಲ್ಲ. ಆಮೇಲೆ ಬಂದದ್ದು ಕಾಳಿ ಜಲವಿದ್ಯುತ್ ಯೋಜನೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಊರು ಮುಳುಗಿ, ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಸರಿಯಿತು. ಹಳೆಯ ದಾರಿಗಳಲ್ಲಿ ಕೆಲವು ಇಂದಿಗೂ ನೇರವಾಗಿ ನೀರಿಗೆ ಇಳಿದು ನಿಲ್ಲುತ್ತವೆ. ಅದೇ ಹೊತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯೂ ನಂತರದ ನ್ಯಾಯಾಲಯದ ಆದೇಶಗಳೂ ಮರ ಕಡಿಯುವುದಕ್ಕೆ ಕಡಿವಾಣ ಹಾಕಿದವು. 1956ರ ದಾಂಡೇಲಿ ಅಭಯಾರಣ್ಯ ಮತ್ತು 1987ರ ಅಣಶಿ ರಾಷ್ಟ್ರೀಯ ಉದ್ಯಾನ ಒಂದಾಗಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಹೊರೆ ಇಲ್ಲದ ದಾರಿಗಳು ಬಹಳಷ್ಟು ಉಳಿದವು, ಅವುಗಳಲ್ಲಿ ಹಲವಕ್ಕೆ ಗೇಟೂ ಬಿತ್ತು.

ಈ ದಾರಿಗಳಲ್ಲಿ ಮೊದಲು ಓಡಿದ ಸೈಕಲ್ಲು ಗುಡ್ಡದ ಸೈಕಲ್ಲಲ್ಲ. ಇಪ್ಪತ್ತು ಕಿಲೋ ತೂಗುವ, ಕಪ್ಪು ಬಣ್ಣದ, ಸಲಾಕೆ ಬ್ರೇಕಿನ ರೋಡ್‌ಸ್ಟರ್. ಸ್ವಾತಂತ್ರ್ಯದ ನಂತರ ಟಿ.ಐ. ಸೈಕಲ್ಸ್, ಅಟ್ಲಾಸ್, ಹೀರೋ ಕಾರ್ಖಾನೆಗಳು ಇಂಗ್ಲಿಷ್ ಮಾದರಿಯನ್ನೇ ತಯಾರಿಸಿ ದೇಶಕ್ಕೆಲ್ಲ ಹಂಚಿದವು. ಗಿರಣಿಯ ಪಾಳಿಗೆ ಹೋಗುವವನು, ಅಂಚೆಯವನು, ಹಾಲಿನವನು ಎಲ್ಲರೂ ಅದನ್ನೇ ತುಳಿದರು. ಮುಂದೆ 44 ಹಲ್ಲು, ಹಿಂದೆ 18 ಹಲ್ಲು, ಒಂದೇ ಗೇರು: ಪೆಡಲನ್ನು ಒಂದು ಸುತ್ತು ತಿರುಗಿಸಿದರೆ ಚಕ್ರ ಎರಡೂವರೆ ಸುತ್ತಿಗೆ ತುಸು ಕಡಿಮೆ ತಿರುಗುತ್ತದೆ. ಹಳಿಯಾಳದ ಬಯಲಿಗೂ ಮುಂಡಗೋಡದ ಕೆರೆಯಂಚಿನ ದಾರಿಗೂ ಇದು ಸಾಕು, ಘಟ್ಟದಲ್ಲಿ ಇಳಿದು ನೂಕಬೇಕು. ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಉಚಿತ ಸೈಕಲ್ಲುಗಳೂ ಒಂದೇ ಗೇರಿನವೇ. ಆದರೆ ರೋಡ್‌ಸ್ಟರನ್ನು ಹಳೆಯ ಕಾಲದ ದಡ್ಡ ಯಂತ್ರವೆಂದು ತಳ್ಳಿಹಾಕುವವರು ಒಂದು ಅಳತೆಯನ್ನು ಗಮನಿಸಬೇಕು. ಅದರ 28 ಇಂಚಿನ ರಿಮ್ಮಿನಲ್ಲಿ ಟಯರು ಕೂರುವ ವ್ಯಾಸ 635 ಮಿಲಿಮೀಟರ್. ಗುಡ್ಡದ ಸೈಕಲ್ಲಿನವರು ಎರಡು ದಶಕ 26 ಇಂಚಿನ, ಅಂದರೆ 559 ಮಿಲಿಮೀಟರಿನ, ರಿಮ್ಮನ್ನೇ ನೆಚ್ಚಿಕೊಂಡಿದ್ದು, ದೊಡ್ಡ ಚಕ್ರ ಕಲ್ಲು ಗುಂಡಿಗಳನ್ನು ಸುಲಭವಾಗಿ ದಾಟುತ್ತದೆಂದು ತಡವಾಗಿ ಒಪ್ಪಿಕೊಂಡು 29 ಇಂಚಿಗೆ ಬಂದರು. ಆ 29 ಇಂಚಿನ ರಿಮ್ಮು 622 ಮಿಲಿಮೀಟರ್. ಹೊಸ ಶೋಧವೆಂದು ಮಾರಾಟವಾದ ರಿಮ್ಮು ಹಾಲಿನವನ ರಿಮ್ಮಿಗಿಂತ ಇನ್ನೂ ಚಿಕ್ಕದೇ.

ಗುಡ್ಡದ ಸೈಕಲ್ಲಿನ ಹುಟ್ಟೂರು ಎಂದು ಸಾಮಾನ್ಯವಾಗಿ ಹೇಳುವ ಕ್ಯಾಲಿಫೋರ್ನಿಯದ ಟಮಲ್ಪಾಯಸ್ ಬೆಟ್ಟದಲ್ಲಿಯೂ ದಾರಿಗಳು ಬೇರೆ ಕೆಲಸದವೇ ಆಗಿದ್ದವು. ಕಾಡ್ಗಿಚ್ಚು ಆರಿಸುವ ವಾಹನಗಳಿಗಾಗಿ ಕಡಿದ ಮಣ್ಣುದಾರಿಗಳಲ್ಲಿ 1970ರ ದಶಕದ ಯುವಕರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಇಳಿಬಿಟ್ಟರು. 1976ರಿಂದ ಅದರ ಸಮೀಪದಲ್ಲಿ ನಡೆದ ಇಳಿಜಾರಿನ ಸ್ಪರ್ಧೆಗೆ ರೀಪ್ಯಾಕ್ ಎಂಬ ಹೆಸರು ಬಂದದ್ದು, ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಕಾದು ಅದರೊಳಗಿನ ಗ್ರೀಸು ಸುಟ್ಟು ಹೋಗುತ್ತಿದ್ದುದರಿಂದ, ಪ್ರತಿ ಇಳಿತದ ನಂತರ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಿದ್ದ ಕಾರಣಕ್ಕೆ. ಈ ದಾರಿಗೆಂದೇ ಜೋ ಬ್ರೀಜ್ 1977ರಲ್ಲಿ ಹೊಸ ಚೌಕಟ್ಟು ಕಟ್ಟಿದನು, 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಅದನ್ನು ಅಂಗಡಿಯ ಸರಕಾಗಿಸಿತು, 1989ರಲ್ಲಿ ರಾಕ್‌ಶಾಕ್ಸ್ ಫೋರ್ಕ್ ಬಂತು, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಸೇರಿತು. ಉಳಿದ ವಿವರ ಕಂಪನಿಗಳ ವಂಶಾವಳಿ, ಇಲ್ಲಿ ಅದರ ಅಗತ್ಯವಿಲ್ಲ.

ಇಂದಿನ ಹಗುರ ಚೌಕಟ್ಟುಗಳಿಗೆ ಬಳಸುವ ಕಾರ್ಬನ್ನಿನ ಕಥೆಯಲ್ಲಿ ಮಾತ್ರ ದಾಂಡೇಲಿಯವರಿಗೆ ಪರಿಚಿತವಾದ ಒಂದು ಸಸ್ಯ ಎದುರಾಗುತ್ತದೆ. ಎಡಿಸನ್ 1880ರ ಸುಮಾರಿಗೆ ತನ್ನ ವಿದ್ಯುದ್ದೀಪದ ತಂತುವಿಗೆ ಆರಿಸಿಕೊಂಡದ್ದು ಗಾಳಿ ತಾಗದಂತೆ ಕರಿಕುಗೊಳಿಸಿದ ಬಿದಿರಿನ ಸೀಳನ್ನು. ಅದೂ ಒಂದು ಬಗೆಯ ಕಾರ್ಬನ್ ನಾರೇ. ಇಂದಿನ ಸೈಕಲ್ಲಿನ ನಾರು ಬಿದಿರಿನದಲ್ಲ, 1961ರಲ್ಲಿ ಜಪಾನಿನ ಅಕಿಯೊ ಶಿಂಡೊ ತೋರಿಸಿದ ಹಾದಿಯಲ್ಲಿ ಅಕ್ರಿಲಿಕ್ ಎಳೆಯನ್ನು ಸಾವಿರ ಡಿಗ್ರಿ ಮೀರಿದ ಶಾಖದಲ್ಲಿ ಕಾಯಿಸಿ ತೆಗೆದದ್ದು. ಕೂದಲಿಗಿಂತ ಬಹಳ ತೆಳುವಾದ ಇಂಥ ಎಳೆಗಳ ಹಾಳೆಗೆ ಎಪಾಕ್ಸಿ ಅಂಟು ಕುಡಿಸಿ, ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ ಬೇಯಿಸಿದರೆ ಚೌಕಟ್ಟಾಗುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಮೈಯಲ್ಲಿಯೂ ಇದೇ ಬಗೆಯ ಪದರಗಳಿವೆ. ನಾರಿನ ಉದ್ದಕ್ಕೆ ಎಳೆದರೆ ಕಾರ್ಬನ್ ಉಕ್ಕಿಗೆ ಸರಿಸಾಟಿ, ಅಡ್ಡಕ್ಕೆ ಅಮುಕಿದರೆ ಅಥವಾ ಒಂದೇ ಬಿಂದುವಿನಲ್ಲಿ ಗುದ್ದಿದರೆ ಒಳಗಿಂದೊಳಗೆ ಪದರ ಬಿಡುತ್ತದೆ. ಸೈಕಲ್ ಅಂಗಡಿಯ ಕಸುಬಿಗೆ ಕಾರ್ಬನ್ ತಂದ ಅತಿ ದೊಡ್ಡ ಬದಲಾವಣೆ ಇದರಿಂದ ಹುಟ್ಟಿದ್ದು. ಉಕ್ಕಿನ ಸೈಕಲ್ಲಿಗೆ ಪಾನಾ ಹಿಡಿದು ಇನ್ನು ತಿರುಗದೆನ್ನುವವರೆಗೆ ಬಿಗಿಯುವುದೇ ಒಳ್ಳೆಯ ಕೆಲಸದ ಗುರುತಾಗಿತ್ತು; ಕಾರ್ಬನ್ ಸೀಟುಕೊಳವೆಯ ಹಿಡಿಕೆಗೆ ಸುಮಾರು 5 ನ್ಯೂಟನ್ ಮೀಟರ್ ಮಾತ್ರ ಬಿಗಿತ ಸಲ್ಲುತ್ತದೆ, ಆ ಅಂಕಿ ಬಿಡಿಭಾಗದ ಮೇಲೆಯೇ ಅಚ್ಚಾಗಿರುತ್ತದೆ, ಅದನ್ನು ಅಳೆಯುವ ಟಾರ್ಕ್ ಪಾನಾ ಬೇರೆಯೇ ಬೇಕು. ಕೊಳವೆ ಜಾರದಿರಲು ಗ್ರೀಸಿನ ಬದಲು ಸಣ್ಣ ಹರಳಿರುವ ಪೇಸ್ಟ್ ಸವರುತ್ತಾರೆ.

ಹೊಂದಿಸುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಸೀಟಿನ ಎತ್ತರ ಮತ್ತು ಹಿಂದು-ಮುಂದು, ನಂತರ ಹ್ಯಾಂಡಲ್, ಅನಂತರ ಫೋರ್ಕ್, ಕಡೆಗೆ ಟಯರು. ಸೀಟು ಸರಿದರೆ ಸವಾರನ ಭಾರ ಎರಡು ಚಕ್ರಗಳ ನಡುವೆ ಹಂಚಿಕೊಳ್ಳುವ ರೀತಿ ಬದಲಾಗುವುದರಿಂದ, ಫೋರ್ಕನ್ನು ಮೊದಲು ಹೊಂದಿಸಿದವರು ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಸವಾರ ಸುಮ್ಮನೆ ಕೂತಾಗಲೇ ಫೋರ್ಕ್ ತಗ್ಗುವ ಅಳತೆಗೆ ಸ್ಯಾಗ್ ಎನ್ನುತ್ತಾರೆ, ಫೋರ್ಕಿನ ಕೊಳವೆಗೆ ಹಾಕಿದ ರಬ್ಬರ್ ಉಂಗುರ ಅದನ್ನು ತೋರಿಸುತ್ತದೆ. 100 ಮಿಲಿಮೀಟರ್ ಚಲನೆಯ ಫೋರ್ಕಿಗೆ 15ರಿಂದ 25 ಮಿಲಿಮೀಟರ್ ಸ್ಯಾಗ್ ವಾಡಿಕೆ. ಮುಂಡಗೋಡದಲ್ಲಿ, 1966ರಿಂದ ಟಿಬೆಟಿಯನ್ನರು ನೆಲೆಸಿ ಉತ್ತ ಹೊಲಗಳ ನಡುವಿನ ಸಮದಾರಿಗಳಿಗೆ ಕಡಿಮೆ ತುದಿ ಸಾಕು. ಜಂಬಿಟ್ಟಿಗೆ ಎದ್ದುನಿಂತ ಜೋಯಿಡಾದ ಇಳಿಜಾರಿಗೆ ಹೆಚ್ಚಿನ ತುದಿ ಬೇಕು. ತಗ್ಗಿದ ಫೋರ್ಕ್ ಮರಳಿ ಏಳುವ ವೇಗ, ಅಂದರೆ ರೀಬೌಂಡ್, ಬಹಳ ನಿಧಾನವಾದರೆ ಸಾಲು ಕಲ್ಲುಗಳ ಮೇಲೆ ಫೋರ್ಕ್ ಏಳಲು ಪುರುಸೊತ್ತಿಲ್ಲದೆ ಕುಸಿಯುತ್ತ ಹೋಗುತ್ತದೆ, ಬಹಳ ಚುರುಕಾದರೆ ಮುಂಚಕ್ರ ನೆಲ ಬಿಡುತ್ತದೆ.

ಗೇರಿನ ಲೆಕ್ಕದಲ್ಲಿ ಹತ್ತಿಯ ಕಾಲದ ಎರಡು ಏರುಗಳು ಮತ್ತೆ ಬರುತ್ತವೆ. ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 10ರಿಂದ 51 ಹಲ್ಲಿನವರೆಗೆ ಹನ್ನೆರಡು ಚಕ್ರ, ಇದು ಇಂದಿನ ರೂಢಿ; ಅತಿ ಹಗುರ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಚಕ್ರ ಮುಕ್ಕಾಲು ಸುತ್ತೂ ತಿರುಗದು. ಎತ್ತಿಗಾಗಿ ಕಡಿದ ದಾರಿಯಲ್ಲಿ ಇಷ್ಟು ಹಗುರ ಗೇರು ಬೇಕಾಗುವುದೇ ಅಪರೂಪ, ಹಿಂದೆ ಆಘಾತ ತಡೆಯಿಲ್ಲದ ಹಾರ್ಡ್‌ಟೇಲ್ ಅಲ್ಲಿ ಯಾವ ಕೊರತೆಯೂ ಇಲ್ಲದೆ ಏರುತ್ತದೆ, ಎರಡೂ ಕಡೆ ಸಸ್ಪೆನ್ಷನ್ ಇರುವ ದುಬಾರಿ ಸೈಕಲ್ಲಿಗೆ ಅಲ್ಲಿ ಹಣ ಸುರಿಯುವುದು ವ್ಯರ್ಥ. ಬಿದಿರಿನ ಲಾರಿದಾರಿಯಲ್ಲಿಯೂ ಹೇರೆತ್ತಿನ ಏಣುದಾರಿಯಲ್ಲಿಯೂ ಆ ಕೊನೆಯ ಹಲ್ಲುಚಕ್ರ ಕೆಲಸಕ್ಕೆ ಬರುತ್ತದೆ.

ಟಯರಿನ ಮಾತು ಬಂದಾಗ ನೆಲವೂ ಋತುವೂ ನಿರ್ಣಾಯಕವಾಗುತ್ತವೆ. ಬೇಸಿಗೆಯಲ್ಲಿ ಹಳಿಯಾಳದ ಕಡೆಯ ದಾರಿಗಳ ಮೇಲೆ ಉರುಟು ಜಂಬಿಟ್ಟಿಗೆಯ ಹರಳು ಹರಡಿರುತ್ತದೆ, ಅದರ ಮೇಲಿನ ತಿರುವು ಕಣದಲ್ಲಿ ಚೆಲ್ಲಿದ ಜೋಳದ ಮೇಲೆ ನಡೆದಂತೆ. ಸಾಗವಾನಿಯ ಒಣ ಎಲೆ ಅದನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ 2.2ರಿಂದ 2.4 ಇಂಚು ಅಗಲದ ಟಯರಿಗೆ ರೋಡ್‌ಸ್ಟರಿಗಿಂತ ಬಹಳ ಕಡಿಮೆ, ಸಾಧಾರಣ ತೂಕದ ಸವಾರನಿಗೆ 20ರಿಂದ 25 ಪಿಎಸ್ಐ, ಗಾಳಿ ಹಿಡಿಸುತ್ತಾರೆ. ಇಷ್ಟು ಕಡಿಮೆ ಗಾಳಿಯಲ್ಲಿ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಒಡೆಯುವುದರಿಂದ ಟ್ಯೂಬನ್ನೇ ತೆಗೆದು, ಟಯರಿನೊಳಗೆ ರಬ್ಬರಿನ ಹಾಲು ಬೆರೆಸಿದ ದ್ರವ ಸುರಿಯುವ ಪದ್ಧತಿ ಬಂದಿದೆ. ಹೆಬ್ಬಿದಿರಿನ ಮುಳ್ಳು ಚುಚ್ಚಿದರೆ ಆ ದ್ರವ ತೂತಿನಲ್ಲಿ ಹೆಪ್ಪುಗಟ್ಟಿ ಮುಚ್ಚುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಅದು ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮರುತುಂಬಬೇಕು. ಮಳೆಗಾಲದಲ್ಲಿ ವರ್ಷಕ್ಕೆ 5000 ಮಿಲಿಮೀಟರ್ ಮೀರಿ ಸುರಿಯುವ ಕ್ಯಾಸಲ್‌ರಾಕಿನ ಕಡೆಗೂ, ಅದರ ಅರ್ಧವೂ ಬೀಳದ ಹಳಿಯಾಳಕ್ಕೂ ಒಂದೇ ಟಯರು ಸಲ್ಲದು. ಪಶ್ಚಿಮಕ್ಕೆ ಗುಬಟುಗಳ ನಡುವೆ ಅಂತರ ಹೆಚ್ಚಿರುವ, ಕೆಸರು ತಾನೇ ಉದುರಿಹೋಗುವ ಟಯರು ಲೇಸು. ಸಲಾಕೆ ಬ್ರೇಕಿನ ರಬ್ಬರು ಒದ್ದೆ ಉಕ್ಕಿನ ಮೇಲೆ ಹಿಡಿಯದಿದ್ದ ಊರಿನಲ್ಲಿ ಡಿಸ್ಕ್ ಬ್ರೇಕ್ ನಿಜವಾದ ಉಪಕಾರ ಮಾಡಿದೆ, ಆದರೆ ಅದರ ಪ್ಯಾಡಿಗೆ ಚೈನಿನ ಎಣ್ಣೆಯ ಒಂದು ಹನಿ ತಾಗಿದರೂ ಕೆಟ್ಟಿತು.

ತಾಲ್ಲೂಕು ಪೇಟೆಯ ಸೈಕಲ್ ಅಂಗಡಿಯವರ ವಿದ್ಯೆಯಲ್ಲಿ ಈ ಹೊಸ ಯಂತ್ರಕ್ಕೂ ದಾಟಿಬಂದದ್ದು ಕಡ್ಡಿಗಳನ್ನು ಬಿಗಿ-ಸಡಿಲ ಮಾಡಿ ಚಕ್ರದ ಬೆಂಡು ತೆಗೆಯುವ ಕೈಚಳಕ. ಕಾರ್ಬನ್ ಚೌಕಟ್ಟಿನ ಸೈಕಲ್ಲಿನಲ್ಲಿಯೂ ಕಡ್ಡಿ ಸಾಮಾನ್ಯವಾಗಿ ಉಕ್ಕಿನದೇ, ಬೆಂಡಾಗುವ ರೀತಿಯೂ ತೆಗೆಯುವ ರೀತಿಯೂ ಅದೇ. ಬ್ರೇಕಿನ ಎಣ್ಣೆ ಬದಲಿಸುವುದು, ಫೋರ್ಕಿನ ಸೀಲು ಬಿಚ್ಚುವುದು ದೊಡ್ಡ ಊರಿನ ಕೆಲಸವಾಗಿಯೇ ಉಳಿದಿವೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಾಳಿಯ ದಂಡೆಯ ತನ್ನ ಸಾಹಸ ಶಿಬಿರದಲ್ಲಿ ಗುಡ್ಡದ ಸೈಕಲ್ಲಿಗೆ ಅವಕಾಶವಿಟ್ಟಿದೆ. ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಕೂಪಿನ ದಾರಿಗಳಿಗೆ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಸವಾರರಿಗೆ ಉಳಿದಿರುವುದು ಹಳ್ಳಿಯಿಂದ ಹಳ್ಳಿಗೆ ಹೋಗುವ ಮಣ್ಣುರಸ್ತೆಗಳು ಮತ್ತು ಹತ್ತಿಯ ಕಾಲದ ಆ ಗಾಡಿದಾರಿಗಳಲ್ಲಿ ಇನ್ನೂ ಡಾಂಬರು ಕಾಣದ ತುಂಡುಗಳು.