ಮಡಕೆಯೊಳಗಿನ ಹೊಲ



ಕುಂಡದಲ್ಲಿ ಕಾಯಿಪಲ್ಯೆ ಬೆಳೆಯುವುದು ಪಟ್ಟಣದ ಉಳ್ಳವರ ಹವ್ಯಾಸ ಎಂಬ ಮಾತು ನಮ್ಮ ಕಡೆ ಇದೆ. ಇತಿಹಾಸ ಬೇರೆಯೇ ಹೇಳುತ್ತದೆ. ನೀರಾಗಲಿ ಅನ್ನವಾಗಲಿ ಕೈಕೊಟ್ಟಾಗ ಜನರು ಪಾತ್ರೆಯ ಮೊರೆ ಹೊಕ್ಕಿದ್ದಾರೆ.

ಕ್ರಿ.ಪೂ. 1ನೇ ಶತಮಾನದಲ್ಲಿ ಚೀನಾದ ಫಾನ್ ಶೆಂಗ್‌ಝಿ ಎಂಬ ಅಧಿಕಾರಿ ಬೇಸಾಯದ ಪುಸ್ತಕವೊಂದನ್ನು ಬರೆದನು. ಅದರಲ್ಲಿ ಒಂದು ಉಪಾಯವಿದೆ. ಸುಮಾರು 6 ಲೀಟರ್ ಹಿಡಿಯುವ ಮಣ್ಣಿನ ಗಡಿಗೆಯನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳಬೇಕು. ಅದರಲ್ಲಿ ನೀರು ತುಂಬಿ, ಹೆಂಚು ಮುಚ್ಚಿ, ನಾಲ್ಕೂ ಬದಿಗೆ ಒಂದೊಂದು ಬಳ್ಳಿಯ ಬೀಜ ಊರಬೇಕು. ನೀರು ಇಳಿದಂತೆ ಮತ್ತೆ ತುಂಬಬೇಕು. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಸುತ್ತಲಿನ ಮಣ್ಣು ಒಣಗಿದರೆ ನೀರನ್ನು ಎಳೆದುಕೊಳ್ಳುತ್ತದೆ, ಹಸಿಯಿದ್ದರೆ ಸುಮ್ಮನಿರುತ್ತದೆ. ಬಿಸಿಲಿಗೆ ಆರಿಹೋಗುವ ನೀರು ಬಲು ಕಡಿಮೆ.

ನಮ್ಮ ಸೀಮೆಗೆ ಬರ ಹೊಸದಲ್ಲ. 1876–78ರ ಮಹಾಕ್ಷಾಮ ಸೊಲ್ಲಾಪುರ, ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ಹಿಂಡಿತು. 1972ರ ಬರದಲ್ಲಿ ಸೊಲ್ಲಾಪುರದ ಕಡೆಯ ರೈತರೇ ಕೂಲಿಗೆ ಖಡಿ ಒಡೆದರು. ಈ ನಡುವೆ ಸೀಮೆಎಣ್ಣೆಯ 4 ಗ್ಯಾಲನ್ ತಗಡಿನ ಡಬ್ಬಿ ಊರೂರಿಗೆ ಬಂದಿತ್ತು. ಎಣ್ಣೆ ತೀರಿದ ಮೇಲೆ ಅದು ನೀರಿನ ಕೊಡವೂ ಆಯಿತು, ಗಿಡದ ಕುಂಡವೂ ಆಯಿತು. ಆದರೆ ತಗಡು ಬಿಸಿಲಿಗೆ ಕಾಯ್ದು ಬೇರನ್ನು ಬೇಯಿಸುತ್ತದೆ. ಇಂದಿನ ಕಪ್ಪು ಪ್ಲಾಸ್ಟಿಕ್ ಕುಂಡದ್ದೂ ಅದೇ ದೋಷ. ಹೊರಗೆ ಸುಣ್ಣ ಬಳಿದು ಮಧ್ಯಾಹ್ನದ ನೆರಳಿಗೆ ಇಟ್ಟರೆ ತಾಪ ತಗ್ಗುತ್ತದೆ.

ದೂರದ ಕ್ಯೂಬಾದ್ದು ಇನ್ನೊಂದು ಕಥೆ. ಅದೂ ಸೆಕೆಯ ನಾಡು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿಂದ ಬರುತ್ತಿದ್ದ ಇಂಧನ, ರಾಸಾಯನಿಕ ಗೊಬ್ಬರ ಬಹುಪಾಲು ನಿಂತುಹೋದವು. ಟ್ರ್ಯಾಕ್ಟರಿನ ಜಾಗಕ್ಕೆ ಎತ್ತು ಬಂತು. ರಾಜಧಾನಿ ಹವಾನಾದ ಜನ ಖಾಲಿ ನಿವೇಶನಗಳಲ್ಲಿ ಗಿಡ್ಡ ಗೋಡೆಯ ತೊಟ್ಟಿ ಕಟ್ಟಿ, ಮಣ್ಣು ಮತ್ತು ಕಾಂಪೋಸ್ಟ್ ತುಂಬಿ ಸೊಪ್ಪು, ಮೂಲಂಗಿ, ಸೌತೆ ಬೆಳೆದರು. ಬಿಸಿಲು ಹೆಚ್ಚಾದಲ್ಲಿ ಮೇಲೆ ಬಲೆ ಕಟ್ಟಿದರು. ನೆಲ ಕೆಟ್ಟಿದ್ದರೂ ತೊಟ್ಟಿಯ ಮಣ್ಣನ್ನು ನಾವೇ ಮಾಡಿಕೊಳ್ಳಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು.

ಈ ಎರಡನ್ನೂ ಕೂಡಿಸಿದರೆ ನಮ್ಮ ಅಂಗಳಕ್ಕೆ ಒಂದು ದಾರಿ ಸಿಗುತ್ತದೆ. ದೊಡ್ಡ ಕುಂಡಕ್ಕೆ ತಳದಲ್ಲಿ ತೂತು ಮಾಡಿ, ಮಣ್ಣು, ಹಟ್ಟಿಗೊಬ್ಬರ ತುಂಬಿ, ನಡುವೆ ಬಣ್ಣ ಹಚ್ಚದ ಸಣ್ಣ ಗಡಿಗೆ ಹೂಳಿ. ಸುತ್ತ ಬದನೆ ಅಥವಾ ಮೆಣಸಿನ ಸಸಿ ನೆಡಿ. ಮೇಲೆ ಒಣ ಎಲೆ ಹಾಸಿ. ಗಡಿಗೆಗೆ ಮುಚ್ಚಳ ಇರಲಿ, ಇಲ್ಲವಾದರೆ ಸೊಳ್ಳೆ ಮನೆ ಮಾಡುತ್ತವೆ. ಬೋರಿನ ಗಡಸು ನೀರಿನ ಉಪ್ಪು ಕಟ್ಟಿ ರಂಧ್ರ ಮುಚ್ಚಿದರೆ ಗಡಿಗೆ ತೆಗೆದು ನೆನೆಸಿ ಉಜ್ಜಬೇಕು.

ಬೇಸಿಗೆಯಲ್ಲಿ ನಮ್ಮ ಊರುಗಳಲ್ಲಿ ನೀರು ಹೊರುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಅವರು ತಲೆಯ ಮೇಲೆ ತಂದ ಒಂದೊಂದು ತಂಬಿಗೆಗೂ ಲೆಕ್ಕವಿದೆ. ಮೇಲಿನಿಂದ ಸುರಿದ ನೀರಿನಲ್ಲಿ ಬಿಸಿಲಿನ ಪಾಲು ದೊಡ್ಡದು; ಮಡಕೆಯಲ್ಲಿ ಇಟ್ಟ ನೀರು ಬಹುಪಾಲು ಬೇರಿಗೇ ಸೇರುತ್ತದೆ. ಕನ್ನಡದಲ್ಲಿ ಮಡಕೆ, ಮರಾಠಿಯಲ್ಲಿ ಮಡ್ಕೆ. ಗಡಿಯ ಈಚೆಗೂ ಆಚೆಗೂ ಅದು ಮಾಡುವ ಕೆಲಸ ಒಂದೇ.