ರಾಗವೂ ಜನರ ಹಾಡೂ

ಜನಪ್ರಿಯ ಗೀತೆಗಳಿಂದ ಶಾಸ್ತ್ರೀಯ ಸಂಗೀತವು ಕೆಡುತ್ತಿದೆಯೆಂದು ನಮ್ಮ ಹಿರಿಯ ಭಕ್ತರಲ್ಲಿ ಅನೇಕರು ವ್ಯಥೆಪಡುವುದುಂಟು. ಆದರೆ ಆನವಟ್ಟಿಯ ಸುತ್ತಣ ನೆಲದ ಚರಿತ್ರೆಯನ್ನು ಅವಲೋಕಿಸಿದಾಗ ಇವೆರಡೂ ಒಂದೇ ಮನೆಯ ಮಕ್ಕಳೆಂಬುದು ಗೋಚರಿಸುತ್ತದೆ.

ಆನವಟ್ಟಿಯ ಆಗ್ನೇಯಕ್ಕೆ ಬಳ್ಳಿಗಾವೆ. ಹರಿಹರ ಕವಿಯು ಪ್ರಭುದೇವರ ರಗಳೆಯಲ್ಲಿ ಅಲ್ಲಮನನ್ನು ಮದ್ದಳೆಯ ಬಲ್ಲವನನ್ನಾಗಿ ಚಿತ್ರಿಸಿದ್ದಾನೆ. ಲಯವಿದ್ಯೆಯ ಆ ಕಲಾವಿದನೇ ಮುಂದೆ ಜನರ ನುಡಿಯಲ್ಲಿ ವಚನಗಳನ್ನು ನುಡಿದನು.

ಉತ್ತರಕ್ಕೆ ಹಾನಗಲ್ಲು. ಆ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅಂಧ ಬಾಲಕನು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು ಗಾನಯೋಗಿ ಪಂಚಾಕ್ಷರ ಗವಾಯಿಯಾದನು. ಅವರು ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ಬಳಿಕ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಗಾಯನವನ್ನು ಕಲಿತರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಖ್ಯಾಲಿನಲ್ಲಿ ಪಾರಂಗತರಾಗಿದ್ದೂ ನಾಟಕಗಳನ್ನು ರಚಿಸಿದರು. ನೀಲಕಂಠಬುವಾ ಅವರಲ್ಲಿಯೇ ಕಲಿತ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದವರು. ಮುಂದೆ ಅವರ ಕಂಠದಿಂದಲೇ ವಚನಗಳು ಮನೆಮನೆಯನ್ನು ತಲುಪಿದವು. ರಂಗಗೀತೆಯೇ ಅಂದಿನ ಜನಪ್ರಿಯ ಗೀತೆಯಾಗಿತ್ತಲ್ಲವೇ?

ಈ ನಂಟಿನ ಮರ್ಮವಾದರೂ ಏನು? ಖ್ಯಾಲಿನ ಬೀಜವಾದ ಬಂದಿಶು ಸ್ಥಾಯಿ, ಅಂತರಾ ಎಂಬೆರಡು ಭಾಗಗಳ ಪುಟ್ಟ ಹಾಡು. ಗವಾಯಿಯು ಅದನ್ನು ಗಂಟೆಗಟ್ಟಲೆ ವಿಸ್ತರಿಸುತ್ತಾನೆ. ಗೀತೆಗಾರನು ತದ್ವಿರುದ್ಧವಾಗಿ ರಾಗದ ಸ್ವರೂಪವನ್ನೆಲ್ಲ ಮೂರು ನಾಲ್ಕು ನಿಮಿಷಗಳಲ್ಲಿ ಅಡಕಗೊಳಿಸುತ್ತಾನೆ. ಅವನ ಪಲ್ಲವಿಯು ಸ್ಥಾಯಿಯಂತೆ ಮರಳಿ ಮರಳಿ ಬರುತ್ತದೆ. ಚರಣವು ಅಂತರೆಯಂತೆ ಮೇಲಣ ಷಡ್ಜದತ್ತ ಏರುತ್ತದೆ. ಬೀಜವೊಂದೇ, ಬೆಳೆಸುವ ಬಗೆ ಬೇರೆ. 1966ರ ‘ಸಂಧ್ಯಾರಾಗ’ ಚಿತ್ರಕ್ಕೆ ಜಿ. ಕೆ. ವೆಂಕಟೇಶರ ಸಂಗೀತ ಸಂಯೋಜನೆಯಲ್ಲಿ ಭೀಮಸೇನ ಜೋಶಿ, ಬಾಲಮುರಳೀಕೃಷ್ಣರಂತಹ ವಿದ್ವಾಂಸರು ಹಾಡಲು ಹಿಂಜರಿಯಲಿಲ್ಲ.

ಹಾಗೆಂದು ಜನಪ್ರಿಯವಾದುದೆಲ್ಲವೂ ಶ್ರೇಷ್ಠವಲ್ಲ. ಪರೀಕ್ಷೆ ಸುಲಭ: ವಾದ್ಯಗಳ ಅಬ್ಬರವನ್ನೆಲ್ಲ ತೆಗೆದು, ತಂಬೂರಿಯೊಂದನ್ನೇ ಮೀಟುತ್ತ ಹಾಡಿ ನೋಡಬೇಕು. ಆಗಲೂ ನಿಲ್ಲುವ ಗೀತೆಯೇ ಬಾಳುವ ಗೀತೆ. ಇತ್ತ ಜನರ ಬಾಯಿಗೆ ಬಾರದ ವಿದ್ಯೆಯಾದರೋ ಕೆಲವರ ಸೊತ್ತಾಗಿ ಸೊರಗುತ್ತದೆ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮಗುವು ಜಾತ್ರೆಯಲ್ಲಿ ಕೇಳಿದ ಹಾಡನ್ನು ಗುನುಗಿದರೆ ಗದರಿಸಬೇಡಿ. ಶ್ರುತಿ ತಪ್ಪದೆ ಗುನುಗುತ್ತಿದ್ದರೆ ಅದೇ ಅದರ ಮೊದಲ ಪಾಠ. ಮುಂದಿನ ಪಾಠಕ್ಕೆ ಒಬ್ಬ ಗುರುವನ್ನು ತೋರಿಸಿರಿ.